ಸದನದಲ್ಲಿ ನಮ್ಮ ಊರಿನ ಪ್ರಶ್ನೆ



ವಿಧಾನಸಭೆಯ ಪ್ರಶ್ನೋತ್ತರದ ಕಾಗದವನ್ನು ಒಮ್ಮೆಯಾದರೂ ಕೈಯಲ್ಲಿ ಹಿಡಿದು ನೋಡಿದವರಿಗೆ ಅದರ ಮಾದರಿ ಗೊತ್ತಿರುತ್ತದೆ. ನಡುವೆ ಒಂದು ಗೆರೆ. ಎಡಗಡೆ ಮಾನ್ಯ ಸದಸ್ಯರ ಪ್ರಶ್ನೆ, ಬಲಗಡೆ ಸಂಬಂಧಪಟ್ಟ ಸಚಿವರ ಉತ್ತರ. ಇಂಥ ತಾಲ್ಲೂಕಿನಲ್ಲಿ ರಸ್ತೆಗಳು ಹಾಳಾಗಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ ಎಂದು ಎಡಗಡೆ ಇದ್ದರೆ ಬಲಗಡೆ ‘ಬಂದಿದೆ’ ಎಂದಿರುತ್ತದೆ. ಬಂದಿದ್ದಲ್ಲಿ ಕೈಗೊಂಡ ಕ್ರಮಗಳೇನು ಎಂದರೆ ‘ಅನುದಾನದ ಲಭ್ಯತೆಗೆ ಅನುಗುಣವಾಗಿ ಕ್ರಮ ಕೈಗೊಳ್ಳಲಾಗುವುದು’. ಮೊದಲನೆಯದಕ್ಕೇ ‘ಇಲ್ಲ’ ಎಂದುಬಿಟ್ಟರಂತೂ ಮುಂದಿನದಕ್ಕೆಲ್ಲ ‘ಉದ್ಭವಿಸುವುದಿಲ್ಲ’ ಎಂಬ ಒಂದೇ ಶಬ್ದ ಸಾಕು. ಕನ್ನಡದಲ್ಲಿ ಇಷ್ಟು ಕೆಲಸ ತಪ್ಪಿಸುವ ಶಬ್ದ ಇನ್ನೊಂದಿದೆಯೆಂದು ನಮಗೆ ತೋರುವುದಿಲ್ಲ.

ಕಳೆದ ಮಹಾಸಭೆಯಲ್ಲಿ ರಸ್ತೆ, ಸಂಕ, ಆಸ್ಪತ್ರೆಗಳ ವಿಚಾರ ಬಂದಾಗ ಹಿರಿಯ ಸದಸ್ಯರೊಬ್ಬರು ಎದ್ದು ನಿಂತು, “ಕಾರ್ಯದರ್ಶಿಗಳೇ, ಸದನದಲ್ಲಿ ಪ್ರಶ್ನೆ ಕೇಳಿ ಆಗುವುದೇನು? ಎಂಎಲ್ಎ ಗ್ರ್ಯಾಂಟು ತಂದುಕೊಟ್ಟರೆ ಸಾಕಲ್ಲ” ಎಂದರು. ಸಭೆಯಲ್ಲಿ ಬಹುಮಂದಿ ತಲೆಯಾಡಿಸಿದರು. ಅಂದು ಲೆಕ್ಕಪತ್ರದ ಮಂಜೂರಾತಿ ಬಾಕಿ ಇದ್ದುದರಿಂದ ವಿಸ್ತಾರವಾಗಿ ಉತ್ತರ ಕೊಡಲು ಸಮಯವಿರಲಿಲ್ಲ. ಆದ್ದರಿಂದ ಈ ಲೇಖನ.

ಮೊದಲು ಗ್ರ್ಯಾಂಟಿನ ಲೆಕ್ಕ. ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿಯೆಂದು ಕರ್ನಾಟಕದಲ್ಲಿ ಪ್ರತಿ ಶಾಸಕರಿಗೆ ವರ್ಷಕ್ಕೆ 2 ಕೋಟಿ ರೂಪಾಯಿ ನಿಗದಿಯಾಗಿದೆ. ವಿಧಾನಸಭೆಯ 224, ವಿಧಾನ ಪರಿಷತ್ತಿನ 75, ಒಟ್ಟು 299 ಮಂದಿಗೆ 598 ಕೋಟಿ. 2025–26ನೇ ಸಾಲಿನ ರಾಜ್ಯದ ಆಯವ್ಯಯದ ಗಾತ್ರ 4 ಲಕ್ಷ 9 ಸಾವಿರ ಕೋಟಿಗೂ ಮೇಲ್ಪಟ್ಟದ್ದು. ಎಂದರೆ ಸರ್ಕಾರ ಸಾವಿರ ರೂಪಾಯಿ ಖರ್ಚು ಮಾಡಿದರೆ ಅದರಲ್ಲಿ ಶಾಸಕರ ನಿಧಿಯಾಗಿ ಬರುವುದು ಸುಮಾರು ಒಂದೂವರೆ ರೂಪಾಯಿ. ಉಳಿದ 998 ರೂಪಾಯಿ ಚಿಲ್ಲರೆ ಇಲಾಖೆಗಳ ಮೂಲಕ ಹೋಗುತ್ತದೆ. ನಾವು ಸಭಾಭವನಕ್ಕೆ ಮೂರು ಲಕ್ಷ, ದೇವಸ್ಥಾನದ ದಾರಿಗೆ ಐದು ಲಕ್ಷ ಎಂದು ಶಾಸಕರ ಮನೆಯ ಮುಂದೆ ಸಾಲು ನಿಲ್ಲುವುದು ಈ ಒಂದೂವರೆ ರೂಪಾಯಿಗಾಗಿ. ಉಳಿದ ಹಣ ನಮ್ಮ ಹೋಬಳಿಗೆ ಎಷ್ಟು ಬಂತು, ಎಷ್ಟು ಖರ್ಚಾಯಿತು, ಎಷ್ಟು ಮಾರ್ಚ್ 31ಕ್ಕೆ ವಾಪಸು ಹೋಯಿತು ಎಂದು ಸರ್ಕಾರದ ಬಾಯಿಂದಲೇ ಹೇಳಿಸುವ ಅಧಿಕಾರ ಇರುವುದೂ ಅದೇ ಶಾಸಕರಿಗೆ. ಆ ಅಧಿಕಾರವನ್ನು ಬಳಸಿರೆಂದು ನಾವು ಅವರನ್ನು ಕೇಳುವುದು ಎಷ್ಟು ಸಲ?

ಪ್ರಶ್ನೆ ಕೇಳುವ ಹಕ್ಕು ಸುಲಭವಾಗಿ ದಕ್ಕಿದ್ದಲ್ಲ. ಇಂಗ್ಲೆಂಡಿನ ಪಾರ್ಲಿಮೆಂಟಿನಲ್ಲಿ ದಾಖಲೆಗೆ ಸಿಕ್ಕಿರುವ ಮೊದಲ ಪ್ರಶ್ನೆ 1721ರದ್ದು. ಸೌತ್ ಸೀ ಕಂಪನಿಯ ಷೇರು ಕುಸಿದು ಜನ ಬೀದಿಗೆ ಬಿದ್ದ ಮೇಲೆ ಆ ಕಂಪನಿಯ ಖಜಾಂಚಿ ದೇಶ ಬಿಟ್ಟು ಓಡಿದ್ದ. ಅವನನ್ನು ಹಿಡಿದಿದ್ದಾರೆಂಬ ಸುದ್ದಿ ನಿಜವೇ ಎಂದು ಪ್ರಭುಗಳ ಸಭೆಯಲ್ಲಿ ಅರ್ಲ್ ಕೌಪರ್ ಕೇಳಿದ. ಮೊಟ್ಟಮೊದಲ ಪ್ರಶ್ನೆಯೇ ಹಣದ ಬಗ್ಗೆ, ಓಡಿಹೋದ ಗುಮಾಸ್ತೆಯ ಬಗ್ಗೆ ಎಂಬುದನ್ನು ಸಹಕಾರ ಸಂಘಗಳವರಾದ ನಾವು ಗಮನಿಸಬೇಕಾದ್ದೇ!

ನಮ್ಮ ಮೈಸೂರು ಸಂಸ್ಥಾನದಲ್ಲಿ 1881ರಲ್ಲಿ ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಆರಂಭಿಸಿದರು. ಚುನಾವಣೆ ಆಗ ಇರಲಿಲ್ಲ. ತಾಲ್ಲೂಕುಗಳಿಂದ ಭೂಹಿಡುವಳಿದಾರರನ್ನೂ ವರ್ತಕರನ್ನೂ ಆರಿಸಿ ಕಳಿಸುತ್ತಿದ್ದರು. ವರ್ಷಕ್ಕೊಮ್ಮೆ ದಸರಾ ಸಮಯದಲ್ಲಿ ಮೈಸೂರಿನಲ್ಲಿ ಸಭೆ ಸೇರಿದಾಗ ದಿವಾನರು ಹಿಂದಿನ ವರ್ಷದ ಆದಾಯ–ವೆಚ್ಚ, ಆಡಳಿತದ ವಿವರಗಳನ್ನು ಓದುವರು. ಬಂದವರು ತಂತಮ್ಮ ಸೀಮೆಯ ಕೆರೆ, ರಸ್ತೆ, ಕಾಡಿನ ಕಾನೂನುಗಳ ಕಷ್ಟ ಹೇಳಿಕೊಳ್ಳುವರು. ಮತ ಹಾಕುವ ಹಕ್ಕಿಲ್ಲ, ತಡೆಯುವ ಹಕ್ಕಿಲ್ಲ, ಹೇಳಿಕೊಳ್ಳುವ ಹಕ್ಕು ಮಾತ್ರ. ಆದರೂ ಹೇಳಿದ್ದು ವರದಿಯಾಗಿ ಅಚ್ಚಾಗುತ್ತಿತ್ತು. 1891ರಿಂದ ಚುನಾವಣೆ ಬಂತು. 1907ರಲ್ಲಿ ನ್ಯಾಯವಿಧಾಯಕ ಸಭೆ ಬಂತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಅದರ ಸದಸ್ಯರಿಗೆ ಪ್ರಶ್ನೆ ಕೇಳುವ ಮತ್ತು ಆಯವ್ಯಯ ಚರ್ಚಿಸುವ ಅವಕಾಶ ದೊರೆಯಿತು. ಕೊಡಗಿನವರಿಗೆ ಬೇರೆಯೇ ಚರಿತ್ರೆ. ಅಲ್ಲಿ 1924ರಲ್ಲಿ ಶಾಸನ ಸಭೆ ಬಂತು. 1952ರಿಂದ 1956ರವರೆಗೆ ಆ ಸಣ್ಣ ರಾಜ್ಯಕ್ಕೆ 24 ಸದಸ್ಯರ ಸ್ವಂತ ವಿಧಾನಸಭೆಯೂ, ಮುಖ್ಯಮಂತ್ರಿಯಾಗಿ ಸಿ. ಎಂ. ಪೂಣಚ್ಚನವರೂ ಇದ್ದರು. ಆಗ ತಮ್ಮೂರಿನ ಸೇತುವೆಯ ವಿಚಾರ ಕೇಳುವುದಕ್ಕೆ ಮಡಿಕೇರಿಗೆ ಹೋದರೆ ಸಾಕಿತ್ತೆಂದು ಹಳಬರು ಈಗಲೂ ಹೇಳುವುದುಂಟು.

ಮಲೆನಾಡಿನಿಂದ ಹೋಗಿ ಸದನದಲ್ಲಿ ಕೇಳಿದವರಲ್ಲಿ ಶಾಂತವೇರಿ ಗೋಪಾಲಗೌಡರ ಹೆಸರು ಮೊದಲು ಬರಬೇಕು. 1951ರ ಕಾಗೋಡು ಸತ್ಯಾಗ್ರಹದ ಮರುವರ್ಷವೇ ಅವರು ಸಾಗರ–ಹೊಸನಗರ ಕ್ಷೇತ್ರದಿಂದ ಆಯ್ಕೆಯಾಗಿ ಬಂದರು, ಆಮೇಲೆ ತೀರ್ಥಹಳ್ಳಿಯಿಂದ. ಅವರು ಮಾತಾಡಿದ್ದು ಗೇಣಿದಾರರ ಪರವಾಗಿ. ಈ ಪತ್ರಿಕೆಯನ್ನು ಓದುವ ಅನೇಕರ ಮನೆಗಳಲ್ಲಿ ಆಗ ಅವರ ಹೆಸರು ಕೇಳಿದರೆ ಹಿರಿಯರ ಮುಖ ಗಂಟಿಕ್ಕುತ್ತಿತ್ತು ಎಂಬುದನ್ನು ಮುಚ್ಚಿಡುವುದು ಬೇಡ. ಆದರೆ ಕೈಯಲ್ಲಿ ಅಧಿಕಾರವಿಲ್ಲದ, ಬೆನ್ನ ಹಿಂದೆ ಬೆರಳೆಣಿಕೆಯ ಸದಸ್ಯರಿರುವ ಒಬ್ಬ ಶಾಸಕ ಎದ್ದು ನಿಂತು ಕೇಳಿದಾಗ ಸರ್ಕಾರ ಉತ್ತರ ಹೇಳಲೇಬೇಕಾಗುತ್ತದೆ ಎಂಬುದನ್ನು ಮಲೆನಾಡಿಗೆ ತೋರಿಸಿಕೊಟ್ಟವರು ಅವರೇ. 1972ರಲ್ಲಿ ತೀರಿಕೊಂಡರು. ಸದನದ ನಡವಳಿಗಳಲ್ಲಿ ಅವರ ಮಾತುಗಳು ಇಂದಿಗೂ ಇವೆ.

ಈಗ ಪ್ರಶ್ನೆಯ ಕ್ರಮವನ್ನು ನೋಡೋಣ. ಪ್ರಶ್ನೆಗಳಲ್ಲಿ ಎರಡು ಬಗೆ. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲಿ ಬಾಯಿಯಿಂದ ಉತ್ತರಿಸಬೇಕು. ಅದರ ಮೇಲೆ ಉಪಪ್ರಶ್ನೆ ಕೇಳಬಹುದು. ಚುಕ್ಕೆ ಗುರುತಿಲ್ಲದ್ದಕ್ಕೆ ಲಿಖಿತ ಉತ್ತರ ಮಾತ್ರ. ಲೋಕಸಭೆಯಲ್ಲಿ ದಿನಕ್ಕೆ ಚುಕ್ಕೆಯವು 20, ಚುಕ್ಕೆಯಿಲ್ಲದವು 230. ಯಾವುದು ಪಟ್ಟಿಗೆ ಸೇರಬೇಕೆಂಬುದು ಚೀಟಿ ಎತ್ತಿ ನಿರ್ಧಾರವಾಗುತ್ತದೆ. ಪಟ್ಟಿಯಲ್ಲಿದ್ದರೂ ಎಲ್ಲವೂ ಬಾಯಿಮಾತಿಗೆ ಬರುವುದಿಲ್ಲ. ಒಂದು ಗಂಟೆಯಲ್ಲಿ ಮೊದಲ ಕೆಲವು ಪ್ರಶ್ನೆ ಮುಗಿದರೆ ಪುಣ್ಯ. ಉಳಿದವುಗಳ ಉತ್ತರ ಮೇಜಿನ ಮೇಲೆ ಇಡಲ್ಪಡುತ್ತದೆ. ಟಿವಿಯಲ್ಲಿ ನೋಡುವವರಿಗೆ ಚುಕ್ಕೆಯ ಪ್ರಶ್ನೆಯೇ ದೊಡ್ಡದಾಗಿ ಕಾಣುತ್ತದೆ. ನಮ್ಮಂಥವರಿಗೆ ಉಪಯೋಗ ಹೆಚ್ಚು ಚುಕ್ಕೆಯಿಲ್ಲದ್ದರಿಂದ. ಕಾರಣವೇನೆಂದರೆ ಅದಕ್ಕೆ ‘ಅನುಬಂಧ’ ಇರುತ್ತದೆ. ಕಾಮಗಾರಿಯ ಹೆಸರು, ಲೆಕ್ಕ ಶೀರ್ಷಿಕೆ, ಅಂದಾಜು ಮೊತ್ತ, ಪಾವತಿಯಾದದ್ದು, ಮುಗಿದ ತಾರೀಖು ಎಲ್ಲವನ್ನೂ ಇಲಾಖೆಯವರು ತಾವೇ ಬರೆದು, ಸಚಿವರ ಹೆಸರಿನಲ್ಲಿ ಸದನಕ್ಕೆ ಒಪ್ಪಿಸಿರುತ್ತಾರೆ. ಸದನಕ್ಕೆ ಗೊತ್ತಿದ್ದೂ ಸುಳ್ಳು ಹೇಳುವುದು ಹಕ್ಕುಚ್ಯುತಿಯಾಗುತ್ತದೆ. ತಾಲ್ಲೂಕು ಕಛೇರಿಯ ಗುಮಾಸ್ತರು ನಮಗೆ ಬಾಯಲ್ಲಿ ಹೇಳುವ ಉತ್ತರಕ್ಕೂ ಇದಕ್ಕೂ ಇರುವ ವ್ಯತ್ಯಾಸ ಅದೇ.

ಹಾರಿಕೆಯ ಉತ್ತರ ಬಂದಾಗ ಬಿಡದೆ ಕೇಳಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ದೇಶದ ಅತಿ ಪ್ರಸಿದ್ಧ ಉದಾಹರಣೆ 1957ರದ್ದು. ಜೀವ ವಿಮಾ ನಿಗಮ ಸ್ಥಾಪನೆಯಾಗಿ ಒಂದು ವರ್ಷವೂ ಆಗಿರಲಿಲ್ಲ. ಆ ಜೂನ್ ತಿಂಗಳಲ್ಲಿ ಹರಿದಾಸ್ ಮುಂಧ್ರಾ ಎಂಬ ಉದ್ಯಮಿಯ ಆರು ಕಂಪನಿಗಳ ಷೇರುಗಳನ್ನು ನಿಗಮ ಸುಮಾರು 1 ಕೋಟಿ 24 ಲಕ್ಷ ರೂಪಾಯಿ ಕೊಟ್ಟು ಕೊಂಡಿತು. ಪಾಲಿಸಿದಾರರ, ಎಂದರೆ ಸಂಬಳದಲ್ಲಿ ಹತ್ತಿಪ್ಪತ್ತು ರೂಪಾಯಿ ಉಳಿಸಿ ಕಂತು ಕಟ್ಟಿದವರ ಹಣ ಅದು. ಪತ್ರಿಕೆಯಲ್ಲಿ ಸುದ್ದಿ ಬಂತು. ಲೋಕಸಭೆಯಲ್ಲಿ ಮೊದಲು ಕೇಳಿದಾಗ ಸಿಕ್ಕಿದ್ದು ಜಾರಿಕೆಯ ಉತ್ತರ. ರಾಯ್‌ಬರೇಲಿಯ ಸದಸ್ಯ ಫಿರೋಜ್ ಗಾಂಧಿ ಆಡಳಿತ ಪಕ್ಷದವರೇ, ಪ್ರಧಾನಿಯ ಅಳಿಯ ಕೂಡ. ಅವರು ಸುಮ್ಮನಾಗಲಿಲ್ಲ. ಡಿಸೆಂಬರ್ 16ರಂದು ಯಾವ ದಿನ ಯಾವ ಷೇರಿಗೆ ಮಾರುಕಟ್ಟೆಯಲ್ಲಿ ಎಷ್ಟು ಬೆಲೆ, ನಿಗಮ ಕೊಟ್ಟದ್ದೆಷ್ಟು ಎಂಬ ಲೆಕ್ಕವನ್ನು ಸದನದ ಮುಂದಿಟ್ಟರು. ನ್ಯಾಯಮೂರ್ತಿ ಎಂ. ಸಿ. ಛಾಗ್ಲಾ ಅವರ ವಿಚಾರಣಾ ಆಯೋಗ ನೇಮಕವಾಯಿತು. ಬಹಿರಂಗವಾಗಿ ವಿಚಾರಣೆ ನಡೆಸಿ ಬೇಗನೆ ವರದಿ ಕೊಟ್ಟಿತು. 1958ರ ಫೆಬ್ರವರಿಯಲ್ಲಿ ಹಣಕಾಸಿನ ಮಂತ್ರಿ ಟಿ. ಟಿ. ಕೃಷ್ಣಮಾಚಾರಿಯವರು ರಾಜೀನಾಮೆ ಕೊಟ್ಟರು. ಇಷ್ಟೆಲ್ಲಕ್ಕೆ ಬೇಕಾಗಿದ್ದದ್ದು ಗಂಟಲಿನ ಶಕ್ತಿಯಲ್ಲ, ತಾರೀಖು ಮತ್ತು ದರಗಳ ಒಂದು ಪಟ್ಟಿ.

ಅಷ್ಟು ದೊಡ್ಡ ವಿಚಾರ ನಮಗೇಕೆ ಎಂದು ಕೇಳುವವರಿಗೆ ನಮ್ಮ ವ್ಯಾಪ್ತಿಯ ಕಾಲುಸಂಕಗಳ ಕಥೆ ಹೇಳುತ್ತೇವೆ.

ಹೊರಗಿನವರಿಗೆ ಕಾಲುಸಂಕ ಎಂದರೆ ಏನೆಂದು ವಿವರಿಸಬೇಕಾಗುತ್ತದೆ, ನಿಮಗೆ ಬೇಕಿಲ್ಲ. ಹಳ್ಳದ ಈಚೆ ದಡದಿಂದ ಆಚೆ ದಡಕ್ಕೆ ಎರಡು ಮೂರು ಅಡಿಕೆ ಮರ, ಅದರ ಮೇಲೆ ಬಿಗಿದ ದಬ್ಬೆ, ಹಿಡಿದುಕೊಳ್ಳಲು ಒಂದು ಬಿದಿರ ಗಳು. ಪ್ರತಿ ವರ್ಷ ಮಳೆ ಹಿಡಿಯುವ ಮುಂಚೆ ಊರವರೇ ಸೇರಿ ಕಟ್ಟುವುದು, ಆಷಾಢದ ಒಂದು ರಾತ್ರಿ ಹಳ್ಳ ಅದನ್ನು ಒಯ್ಯುವುದು. ಆ ಸಂಕದ ಮೇಲೆ ಕೊಡೆ ಹಿಡಿದ ಮಕ್ಕಳು ಶಾಲೆಗೆ ಹೋಗಬೇಕು. ಬಸುರಿ ಹೆಂಗಸರನ್ನು ಕಂಬಳಿ ಜೋಲಿಯಲ್ಲಿ ಹೊತ್ತು ದಾಟಿಸಬೇಕು. ತೋಟದ ಸಾಲುಮನೆಯ ತಾಯಿಯೊಬ್ಬರು ನಮ್ಮೊಡನೆ ಹೇಳಿದ್ದರು: “ಜೂನಿಂದ ಸೆಪ್ಟೆಂಬರ್ ತನಕ ಮಗ ಸಂಜೆ ಮನೆಗೆ ಬರೋ ತನಕ ನನ್ನ ಕೈ ಕೆಲಸಕ್ಕೆ ಓಡೋದಿಲ್ಲ ಸ್ವಾಮಿ.” ಕರಾವಳಿ–ಮಲೆನಾಡಿನಲ್ಲಿ ಸಂಕದಿಂದ ಜಾರಿ ಮಕ್ಕಳು ಹಳ್ಳದ ಪಾಲಾದ ಸುದ್ದಿಯನ್ನು ನಾವೆಲ್ಲ ಪತ್ರಿಕೆಗಳಲ್ಲಿ ಓದಿದ್ದೇವೆ. ಸರ್ಕಾರವೂ ಇದನ್ನು ಅರಿಯದೆ ಇಲ್ಲ. ಶಾಲಾ ಸಂಪರ್ಕ ಸೇತು ಎಂಬ ಹೆಸರಿನಲ್ಲಿ ಇಂಥ ಸಂಕಗಳ ಬದಲು ಕಾಂಕ್ರೀಟ್ ಕಿರುಸೇತುವೆ ಕಟ್ಟುವ ಕಾರ್ಯಕ್ರಮವಿದೆ. ಹಣವೂ ಇಡುತ್ತಾರೆ. ಆ ಹಣ ನಮ್ಮ ಹಳ್ಳದವರೆಗೆ ಬರುತ್ತದೋ ಇಲ್ಲವೋ ಎಂಬುದೇ ಪ್ರಶ್ನೆ.

ಕೆಲವು ವರ್ಷಗಳ ಹಿಂದೆ ಈ ವಿಷಯ ಸದನದಲ್ಲಿ ಒಮ್ಮೆ ಬಂದಿತ್ತು. ತಾಲ್ಲೂಕಿನಲ್ಲಿ ಕಾಲುಸಂಕಗಳು ಶಿಥಿಲವಾಗಿರುವುದು ಗಮನಕ್ಕೆ ಬಂದಿದೆಯೇ ಎಂಬ ಪ್ರಶ್ನೆಗೆ ‘ಬಂದಿದೆ’ ಎಂದೇ ಉತ್ತರ. ಮುಂದಿನದು ನೀವೇ ಊಹಿಸಬಹುದು. ಪತ್ರಿಕೆಯಲ್ಲಿ ನಾಲ್ಕು ಸಾಲು ಬಂತು, ಅಲ್ಲಿಗೆ ಮುಗಿಯಿತು.

ಆಮೇಲೆ ನಮ್ಮ ಆಡಳಿತ ಮಂಡಳಿಯಲ್ಲಿ ಒಂದು ಯೋಚನೆ ಬಂತು. ಅಡಿಕೆ ತೂಕಕ್ಕೆ ಬರುವ ಸದಸ್ಯರು ಸರದಿಗಾಗಿ ಹೇಗೂ ಅರ್ಧ ಗಂಟೆ ಕಾಯುತ್ತಾರಷ್ಟೆ? ತಕ್ಕಡಿಯ ಪಕ್ಕದಲ್ಲಿ ಒಂದು ಮೇಜು ಹಾಕಿ, ನಮ್ಮ ಗುಮಾಸ್ತರು ಪ್ರತಿಯೊಬ್ಬರಿಗೂ ಒಂದು ಹಾಳೆ ಕೊಟ್ಟರು. ನಿಮ್ಮ ಭಾಗದಲ್ಲಿ ಸಂಕ ಇರುವ ಹಳ್ಳದ ಹೆಸರು, ಸಮೀಪದ ಸರ್ವೆ ನಂಬರು, ಯಾವ ಯಾವ ಊರನ್ನು ಕೂಡಿಸುತ್ತದೆ, ಎಷ್ಟು ಮಕ್ಕಳು ದಾಟುತ್ತಾರೆ, ಸಂಕ ಹೋದರೆ ಸುತ್ತು ದಾರಿ ಎಷ್ಟು ಮೈಲಿ — ಇಷ್ಟೇ. (ಕಿಲೋಮೀಟರ್ ಎಂದು ಅಚ್ಚಾಗಿದ್ದರೂ ಬಹಳ ಮಂದಿ ಮೈಲಿಯಲ್ಲೇ ಬರೆದಿದ್ದರು, ನಾವೇ ಗುಣಿಸಿಕೊಂಡೆವು.) ಒಂದು ಸುಗ್ಗಿಯಲ್ಲಿ 23 ಸಂಕಗಳ ಪಟ್ಟಿ ಸಿದ್ಧವಾಯಿತು. ಕೆಲವರು ಒಂದೇ ಸಂಕವನ್ನು ಎರಡು ಹೆಸರಿನಲ್ಲಿ ಬರೆದಿದ್ದರು, ಒಬ್ಬರು ತಮ್ಮ ಸ್ವಂತ ತೋಟದೊಳಗಿನ ಸಂಕವನ್ನೂ ಸೇರಿಸಿಬಿಟ್ಟಿದ್ದರು. ಅವನ್ನೆಲ್ಲ ತೆಗೆದ ಮೇಲೆ ಉಳಿದದ್ದು ಅಷ್ಟು.

ಆ ಪಟ್ಟಿಯೊಂದಿಗೆ ಪ್ರಶ್ನೆಯ ಕರಡನ್ನೂ ಬರೆದು ಶಾಸಕರಿಗೆ ಕೊಟ್ಟೆವು. ಅದರಲ್ಲಿ ‘ಗಮನಕ್ಕೆ ಬಂದಿದೆಯೇ’ ಎಂಬ ಮಾತೇ ಇರಲಿಲ್ಲ. ಹಿಂದಿನ ಮೂರು ವರ್ಷಗಳಲ್ಲಿ ತಾಲ್ಲೂಕಿಗೆ ಈ ಬಾಬ್ತಿನಲ್ಲಿ ಹಂಚಿಕೆಯಾದ ಹಣ ಎಷ್ಟು, ಬಿಡುಗಡೆಯಾದದ್ದು ಎಷ್ಟು, ಖರ್ಚಾದದ್ದು ಎಷ್ಟು, ವ್ಯಪಗತವಾದದ್ದು ಎಷ್ಟು, ತೆಗೆದುಕೊಂಡ ಪ್ರತಿ ಕಾಮಗಾರಿಯ ಸ್ಥಳ, ಅಂದಾಜು, ಕಾರ್ಯಾದೇಶದ ತಾರೀಖು, ಈಗಿನ ಹಂತ, ಲಗತ್ತಿಸಿದ 23 ಸ್ಥಳಗಳಲ್ಲಿ ಯಾವುವು ಇಲಾಖೆಯ ಪಟ್ಟಿಯಲ್ಲಿವೆ, ಯಾವುವು ಇಲ್ಲ, ಇಲ್ಲದಿದ್ದರೆ ಕಾರಣವೇನು. ಇವಿಷ್ಟು. ಶಾಸಕರು ಯಾವ ಪಕ್ಷದವರೆಂದು ಇಲ್ಲಿ ಹೇಳುವುದಿಲ್ಲ, ಸಂಘದ ಪತ್ರಿಕೆಯಲ್ಲಿ ಅದು ಸಲ್ಲದು. ಅವರು ಓದಿ, “ಇದನ್ನು ನನ್ನ ಆಫೀಸಿನಲ್ಲಿ ಬರೆಸುವುದಕ್ಕೆ ತಿಂಗಳು ಬೇಕಿತ್ತು, ನೀವೇ ಬರೆದು ತಂದಿರಿ” ಎಂದು ಸಂತೋಷಪಟ್ಟರು. ಅದು ಮರ್ಯಾದೆಗೆ ಆಡಿದ ಮಾತಲ್ಲ. ಒಬ್ಬ ಶಾಸಕರ ಹತ್ತಿರ ಮದುವೆಯ ಕರೆಯೋಲೆಗಳನ್ನು ವಿಂಗಡಿಸಲು ಜನ ಇರುತ್ತಾರೆ, ಹಳ್ಳಗಳ ಲೆಕ್ಕ ಇಡಲು ಯಾರೂ ಇರುವುದಿಲ್ಲ.

ಲಿಖಿತ ಉತ್ತರ ಬಂತು, ಜೊತೆಗೆ ನಾಲ್ಕು ಪುಟದ ಅನುಬಂಧ. ಅದನ್ನು ನಾವು ಸಂಘದ ಸೂಚನಾ ಫಲಕಕ್ಕೆ ಅಂಟಿಸಿದೆವು. ಮೂರನೆಯ ದಿನ ಒಬ್ಬ ಸದಸ್ಯರು ಫಲಕದ ಮುಂದೆ ನಿಂತು ಜೋರಾಗಿ ನಗತೊಡಗಿದರು. ಅವರ ಊರಿನ ಹಳ್ಳದ ಮುಂದೆ ‘ಪೂರ್ಣಗೊಂಡಿದೆ’ ಎಂದಿತ್ತು. ಅಲ್ಲಿ ಆಗ ಇದ್ದದ್ದು ಒಂದು ದಡದ ಕಟ್ಟೆ ಮತ್ತು ಆಕಾಶ ನೋಡುತ್ತಿದ್ದ ಕಬ್ಬಿಣದ ಸರಳುಗಳು. ಹಲಗೆ ಬಿದ್ದಿರಲಿಲ್ಲ. ಮಕ್ಕಳು ಪಕ್ಕದ ಹಳೆಯ ಅಡಿಕೆ ಮರದ ಸಂಕದ ಮೇಲೆಯೇ ಹೋಗುತ್ತಿದ್ದರು. ಸದಸ್ಯರು ತಮ್ಮ ಮೊಬೈಲಿನಲ್ಲಿ ಫೋಟೋ ತೆಗೆದು ತಂದರು. ಫೋಟೋ ಮತ್ತು ಅನುಬಂಧದ ಪುಟ ಎರಡೂ ಶಾಸಕರ ಕೈಗೆ ಹೋದವು. ಅವರ ಅಧ್ಯಕ್ಷತೆಯ ಕೆ.ಡಿ.ಪಿ. ಸಭೆಯಲ್ಲಿ ಸಂಬಂಧಪಟ್ಟ ಅಧಿಕಾರಿಗಳ ಮುಂದೆ ಬಂದವು. ಅಧಿಕಾರಿಗಳು ಟೈಪಿಸುವಾಗ ಆದ ತಪ್ಪು ಎಂದರು. ಇರಬಹುದು. ಟೈಪಿಸುವಾಗ ಆಗುವ ತಪ್ಪುಗಳು ಯಾವಾಗಲೂ ಕೆಲಸ ಮುಗಿದ ಕಡೆಗೇ ಏಕೆ ವಾಲುತ್ತವೆ ಎಂಬುದು ನಮಗೆ ತಿಳಿಯದು. ಮುಂದಿನ ಬೇಸಿಗೆಯಲ್ಲಿ ಅಲ್ಲಿ ಹಲಗೆ ಬಿತ್ತು, ಕೈಪಿಡಿಯೂ ಬಂತು.

23ರಲ್ಲಿ ಇದುವರೆಗೆ ಮುಗಿದವು ಏಳು. ಒಂಬತ್ತು ‘ಅಂದಾಜು ಪಟ್ಟಿ ತಯಾರಿಕೆಯ ಹಂತದಲ್ಲಿ’ ಇವೆ. ಉಳಿದ ಏಳರ ಬಗ್ಗೆ ಅರಣ್ಯ ಇಲಾಖೆಯ ಒಪ್ಪಿಗೆ ಬೇಕೆಂಬ ಉತ್ತರ ಬಂದಿದೆ. ಆ ಒಪ್ಪಿಗೆ ಕೇಳಿ ಪತ್ರ ಬರೆದ ತಾರೀಖು ಯಾವುದೆಂಬುದು ನಮ್ಮ ಮುಂದಿನ ಪ್ರಶ್ನೆ. ಇದನ್ನು ಜಯವೆಂದು ನಾವು ಡಂಗುರ ಸಾರುವುದಿಲ್ಲ. ಆದರೆ ಗ್ರ್ಯಾಂಟಿಗಾಗಿ ಕಾದಿದ್ದರೆ ಎರಡು ಕೋಟಿಯ ನಿಧಿಯಲ್ಲಿ ಏಳು ಸಂಕಗಳು ನಮ್ಮ ಪಾಲಿಗೆ ಬರುತ್ತಿದ್ದವೇ ಎಂದು ಹಿರಿಯ ಸದಸ್ಯರು ಯೋಚಿಸಿ ಹೇಳಬೇಕು.

ಸದನದಲ್ಲಿ ಸಚಿವರು ‘ಮಾಡುತ್ತೇವೆ’ ಎಂದ ಮಾತು ಗಾಳಿಗೆ ಹೋಗುವುದಿಲ್ಲ. ಸರ್ಕಾರಿ ಭರವಸೆಗಳ ಸಮಿತಿ ಎಂದು ಒಂದಿದೆ. ಕೊಟ್ಟ ಭರವಸೆ ಈಡೇರಿತೇ ಎಂದು ಅದು ಇಲಾಖೆಯನ್ನು ಕೇಳುತ್ತದೆ. ಅರ್ಜಿಗಳ ಸಮಿತಿ ಬೇರೆ ಇದೆ. ಇನ್ನು ಖರ್ಚಾಗಿ ಹೋದ ಹಣದ ವಿಚಾರಕ್ಕೆ ಮಹಾಲೆಕ್ಕ ಪರಿಶೋಧಕರ ವರದಿ ಸದನಕ್ಕೆ ಬರುತ್ತದೆ, ಅದನ್ನು ಸಾರ್ವಜನಿಕ ಲೆಕ್ಕಪತ್ರಗಳ ಸಮಿತಿ ಪರಿಶೀಲಿಸುತ್ತದೆ. ಈ ಸಮಿತಿಗೆ ವಿರೋಧ ಪಕ್ಷದವರೇ ಅಧ್ಯಕ್ಷರಾಗುವುದು ರೂಢಿ. ನಮ್ಮ ಸಂಘಕ್ಕೆ ಆಡಿಟ್ ಆದ ಮೇಲೆ ಆಕ್ಷೇಪಣೆಗಳಿಗೆ ಉತ್ತರ ಕೊಡುವುದು ಹೇಗೋ ಹಾಗೆ, ಸ್ವಲ್ಪ ದೊಡ್ಡ ಪ್ರಮಾಣದಲ್ಲಿ ಅಷ್ಟೆ. ನಮ್ಮ ಆಡಿಟಿಗೆ ಹೆದರುವ ನಾವು ಆ ಆಡಿಟ್ ವರದಿಯನ್ನು ಓದುವುದಿಲ್ಲ ಎಂಬುದು ಮಾತ್ರ ಸೋಜಿಗ.

ಪ್ರಶ್ನೆ ಯಾವ ಬಾಗಿಲಿಗೆ ಹೋಗಬೇಕೆಂಬುದರಲ್ಲಿ ನಮ್ಮ ಸದಸ್ಯರಿಗೆ ಗೊಂದಲ ಬಹಳ. ಕಾಫಿ ಮಂಡಳಿಯ ಸಹಾಯಧನ ಬರಲಿಲ್ಲವೆಂದು ಶಾಸಕರನ್ನು ಹಿಡಿದು ಜಗಳವಾಡುವವರನ್ನು ನಾವು ಕಂಡಿದ್ದೇವೆ. ಕಾಫಿ ಮಂಡಳಿಯೂ ಸಾಂಬಾರ ಮಂಡಳಿಯೂ ಕೇಂದ್ರದ ವಾಣಿಜ್ಯ ಮಂತ್ರಾಲಯಕ್ಕೆ ಸೇರಿದವು. ಅವುಗಳ ಖರ್ಚು ವೆಚ್ಚದ ಪ್ರಶ್ನೆ ಸಂಸದರ ಮೂಲಕ ದೆಹಲಿಗೆ ಹೋಗಬೇಕು. 1942ರ ಕಾಫಿ ಕಾಯಿದೆಯ ಕಾಲದಿಂದ 1990ರ ದಶಕದವರೆಗೆ ನಮ್ಮ ಕಾಫಿಯೆಲ್ಲ ಪೂಲಿಗೆ ಹೋಗಿ, ಹಣ ಪಾಯಿಂಟ್ ಲೆಕ್ಕದಲ್ಲಿ ಕಂತು ಕಂತಾಗಿ ವರ್ಷಗಟ್ಟಲೆ ತಡವಾಗಿ ಬರುತ್ತಿದ್ದಾಗ ಬೆಳೆಗಾರನಿಗೆ ಸಂಸತ್ತು ಬಿಟ್ಟರೆ ಕೇಳುವ ಜಾಗವೇ ಇರಲಿಲ್ಲ. 1992ರಿಂದ ಹಂತಹಂತವಾಗಿ ಸಡಿಲವಾಗಿ 1996ಕ್ಕೆ ಪೂಲ್ ಮುಗಿಯಿತು. ಆಮೇಲೆ ನಮ್ಮವರಿಗೆ ಸಂಸದರ ನೆನಪೂ ಕಡಿಮೆಯಾಯಿತೆಂದು ತೋರುತ್ತದೆ. ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು 2023ರ ಫೆಬ್ರವರಿಯಲ್ಲಿ ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿದ್ದೂ ಕೇಂದ್ರವೇ. ಗಡಿಯಲ್ಲಿ ಕಳ್ಳದಾರಿಯಿಂದ ಬರುವ ಅಡಿಕೆಯನ್ನು ಎಷ್ಟು ಹಿಡಿದಿರಿ ಎಂದು ಕೇಳಬೇಕಾದ್ದು ಮಾತ್ರ ವಾಣಿಜ್ಯ ಮಂತ್ರಾಲಯವನ್ನಲ್ಲ, ಸುಂಕದ ಇಲಾಖೆಯಿರುವ ಹಣಕಾಸು ಮಂತ್ರಾಲಯವನ್ನು. ಎಲೆಚುಕ್ಕಿ ರೋಗದ ಸಂಶೋಧನೆ ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯದಾದರೆ ಅದು ದೆಹಲಿಯ ಕೃಷಿ ಮಂತ್ರಾಲಯದ ಬಾಗಿಲು; ಔಷಧಿಗೆ ತೋಟಗಾರಿಕೆ ಇಲಾಖೆ ಕೊಡುವ ನೆರವು ಬೆಂಗಳೂರಿನದು. ಅಂಚೆ ಕಛೇರಿ, ಬಿಎಸ್‌ಎನ್‌ಎಲ್ ಟವರು, ರಾಷ್ಟ್ರೀಯ ಹೆದ್ದಾರಿ ದೆಹಲಿಗೆ. ಆನೆ ಹಾವಳಿಯ ಪರಿಹಾರ, ಮೆಸ್ಕಾಂ ಮತ್ತು ಸೆಸ್ಕ್‌ಗಳ ವಿದ್ಯುತ್ತು, ಪ್ರಾಥಮಿಕ ಆರೋಗ್ಯ ಕೇಂದ್ರದ ಖಾಲಿ ಹುದ್ದೆ, ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯರಸ್ತೆ ಇವೆಲ್ಲ ವಿಧಾನಸೌಧಕ್ಕೆ.

ಬೀದಿ ದೀಪ, ಕುಡಿಯುವ ನೀರಿನ ನಲ್ಲಿಗೆ ಅಷ್ಟು ದೂರ ಹೋಗಬೇಕಿಲ್ಲ. 1993ರ ಪಂಚಾಯತ್ ರಾಜ್ ಕಾಯಿದೆಯಲ್ಲಿ ಗ್ರಾಮಸಭೆ ಇದೆ, ಖರ್ಚಿನ ತಪಾಸಣೆಗೆ ಜಮಾಬಂದಿ ಇದೆ. ನಮ್ಮ ಬೆಳೆಗಾರರು ಅಲ್ಲಿಗೆ ಹೋಗುವುದು ಅಪರೂಪ. ರೈಟರನ್ನು ಕಳಿಸಿ ಸಹಿ ಹಾಕಿಸುವವರೂ ಇದ್ದಾರೆ. 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ಚುನಾವಣೆಯಾದಾಗ ಅಬ್ದುಲ್ ನಜೀರ್ ಸಾಬ್ ಮಂತ್ರಿಗಳು. ಊರೂರಿಗೆ ಕೊಳವೆ ಬಾವಿ ಕೊಟ್ಟು ಜನರ ಬಾಯಲ್ಲಿ ‘ನೀರು ಸಾಬ್’ ಆದವರು. ಅಧಿಕಾರ ಕೆಳಗಿಳಿದರೆ ಕೇಳುವವರೂ ಹತ್ತಿರದಲ್ಲೇ ಸಿಗುತ್ತಾರೆಂಬ ನಂಬಿಕೆ ಆಗಿನದು. ಈಚೆಗೆ ಏನಾಯಿತು ನೋಡಿ: ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ 2016ರಲ್ಲಿ ಆಯ್ಕೆಯಾದವರ ಅವಧಿ 2021ರಲ್ಲಿ ಮುಗಿಯಿತು, ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಕ್ಷೇತ್ರ ಮರುವಿಂಗಡಣೆ, ಮೀಸಲಾತಿ, ನ್ಯಾಯಾಲಯ ಎಂದು ಕಾರಣಗಳು ಬಂದವು. ಆ ಎರಡು ಮೆಟ್ಟಿಲುಗಳಲ್ಲಿ ಜನರ ಪರವಾಗಿ ಅಧಿಕಾರಿಗಳನ್ನು ಕೇಳುವವರು ಇಲ್ಲದಾದಾಗ ಹಳ್ಳಿ ರಸ್ತೆಯ ಪ್ರಶ್ನೆಯೂ ನೇರವಾಗಿ ಶಾಸಕರ ತಲೆಯ ಮೇಲೆ ಬಿತ್ತು.

ಅವರಾದರೂ ಕೇಳಬೇಕೆಂದರೆ ಸದನ ನಡೆಯಬೇಕಲ್ಲ. ವರ್ಷಕ್ಕೆ ಕನಿಷ್ಠ 60 ದಿನ ಸದನ ಸೇರಬೇಕೆಂದು ಕರ್ನಾಟಕದಲ್ಲಿ 2005ರಲ್ಲಿ ಕಾಯಿದೆಯನ್ನೇ ಮಾಡಿಕೊಂಡಿದ್ದಾರೆ. ಬಹುತೇಕ ವರ್ಷ ಅಷ್ಟು ದಿನ ಸೇರಿಲ್ಲ. ಸೇರಿದ ದಿನವೂ ಪ್ರಶ್ನೋತ್ತರದ ವೇಳೆಗೇ ಗದ್ದಲ ಆರಂಭವಾಗುವುದುಂಟು. ಯಾವ ಪಕ್ಷ ಆ ಕಡೆ ಇದ್ದರೂ ಇದು ತಪ್ಪಿಲ್ಲ. 2020ರ ಸೆಪ್ಟೆಂಬರಿನಲ್ಲಿ ಕೊರೋನಾ ಕಾರಣ ಹೇಳಿ ಸಂಸತ್ತಿನಲ್ಲಿ ಪ್ರಶ್ನೋತ್ತರ ವೇಳೆಯನ್ನೇ ಕೈಬಿಟ್ಟು ಲಿಖಿತ ಉತ್ತರಗಳನ್ನು ಮಾತ್ರ ಉಳಿಸಿದ್ದರು. ಇಲಾಖೆಗಳ ಬೇಡಿಕೆಗಳಲ್ಲಿ ಹಲವನ್ನು ಚರ್ಚೆಯೇ ಇಲ್ಲದೆ ಕೊನೆಯ ದಿನ ಒಟ್ಟಿಗೆ ಮತಕ್ಕೆ ಹಾಕಿ ಅಂಗೀಕರಿಸುವುದು ಹೊಸತಲ್ಲ. ಒಂದು ಕಾಫಿ ಕಣದಲ್ಲಿ ಅಷ್ಟು ಅವಸರದಿಂದ ತೂಕ ಮುಗಿಸಿದರೆ ಸಾಲುಮನೆಯವರೇ ನಮ್ಮನ್ನು ಬಿಡುವುದಿಲ್ಲ. ಹೀಗೆ ಸಿಗುವ ಸಮಯ ಕಡಿಮೆ ಇರುವುದರಿಂದಲೇ ಅಲ್ಲಿಗೆ ಹೋಗುವ ಪ್ರಶ್ನೆ ಕಾಳು ಕಟ್ಟಿದ್ದಾಗಿರಬೇಕು, ಜೊಳ್ಳಾಗಿರಬಾರದು.

ಆಡಳಿತ ಮಂಡಳಿಯ ತೀರ್ಮಾನದಂತೆ ಈ ಸಲ ಎರಡು ವಿಷಯಗಳಿಗೆ ಹಾಳೆ ಸಿದ್ಧಪಡಿಸಿದ್ದೇವೆ. ಒಂದು, ಪ್ರಾಥಮಿಕ ಆರೋಗ್ಯ ಕೇಂದ್ರಗಳದ್ದು: ವೈದ್ಯರು ವಾರದಲ್ಲಿ ಯಾವ ದಿನ ಸಿಗುತ್ತಾರೆ, ಹಾವು ಕಡಿತದ ಔಷಧಿ ಇದೆಯೇ, ನೀವು ಹೋದ ತಾರೀಖು, ಸಿಕ್ಕಿದ ಉತ್ತರ. ಎರಡು, ಆನೆಯಿಂದ ಆದ ಬೆಳೆ ನಷ್ಟದ ಅರ್ಜಿ: ಕೊಟ್ಟ ತಾರೀಖು, ಮಹಜರಿನ ತಾರೀಖು, ಮಂಜೂರಾದ ಮೊತ್ತ, ಖಾತೆಗೆ ಜಮಾ ಆದ ತಾರೀಖು. ‘ಬಹಳ ತಡ’, ‘ತುಂಬಾ ತೊಂದರೆ’ ಎಂದು ಬರೆಯಬೇಡಿ, ತಾರೀಖು ಬರೆಯಿರಿ. ಅರ್ಜಿಯ ಸ್ವೀಕೃತಿ ಇದ್ದರೆ ನಕಲು ಲಗತ್ತಿಸಿ. ಹಾಳೆಗಳು ತಕ್ಕಡಿಯ ಮೇಜಿನಲ್ಲೂ ಗೊಬ್ಬರದ ಡಿಪೋದಲ್ಲೂ ಇವೆ. ಸಾಲುಮನೆಗಳವರಿಗೂ ಒಂದೊಂದು ಕೊಂಡೊಯ್ಯಿರಿ, ಆಸ್ಪತ್ರೆಯ ಪ್ರಶ್ನೆ ಅವರಿಗೇ ಹೆಚ್ಚು ಸಂಬಂಧಿಸಿದ್ದು. ಪ್ರಶ್ನೆಯ ಸೂಚನಾಪತ್ರವನ್ನು ಅಧಿವೇಶನಕ್ಕೆ ಸಾಕಷ್ಟು ಮುಂಚಿತವಾಗಿಯೇ ಕೊಡಬೇಕಾಗಿರುವುದರಿಂದ ತುಂಬಿದ ಹಾಳೆಗಳನ್ನು ಈ ತಿಂಗಳ ಕೊನೆಯ ಸಂತೆಯ ದಿನದೊಳಗಾಗಿ ಸಂಘದ ಕಛೇರಿಗೆ ತಲುಪಿಸಬೇಕು. ಕಾಲುಸಂಕದ ಪಟ್ಟಿಯಲ್ಲಿ ಉಳಿದಿರುವ ಹದಿನಾರು ಹಳ್ಳಗಳ ಕಡೆಯವರು ಮಳೆಗೆ ಮುಂಚೆ ಒಂದು ಫೋಟೋ, ಮಳೆ ಹಿಡಿದ ಮೇಲೆ ಒಂದು ಫೋಟೋ ತೆಗೆದು ಕೊಡತಕ್ಕದ್ದು.